ಮೊಹರಾದ ಲಕೋಟೆ: ಖಾಸಗಿ ಕಂಪನಿಗಳ ಖರೀದಿಯಲ್ಲಿ ಸರಕಾರೀ ಪದ್ಧತಿಯ ಪ್ರವೇಶ

ಸರಕಾರವು ಸಾಮಾನು ಕೊಳ್ಳುವ ಕ್ರಮ ಸರ್ವವಿದಿತವಾದುದು. ಬೇಕಾದ ವಸ್ತುವಿನ ವಿವರವನ್ನು ಜಾಹೀರು ಮಾಡುವುದು, ದರಗಳನ್ನು ಮೊಹರು ಮಾಡಿದ ಲಕೋಟೆಯಲ್ಲಿ ತರಿಸಿಕೊಳ್ಳುವುದು, ಗೊತ್ತಾದ ದಿನ ಗೊತ್ತಾದ ಗಳಿಗೆಗೆ ಅವನ್ನು ಎಲ್ಲರೆದುರು ಒಡೆಯುವುದು, ಷರತ್ತುಗಳಿಗೆ ಒಪ್ಪಿದವರಲ್ಲಿ ಅತಿ ಕಡಮೆ ದರದವನಿಗೆ ಕೆಲಸ ಒಪ್ಪಿಸಿ ಅವನಿಂದ ಠೇವಣಿ ಹಿಡಿದುಕೊಳ್ಳುವುದು. ಲಕೋಟೆಯ ಸ್ಥಾನಕ್ಕೆ ಈಗ ಗಣಕಯಂತ್ರ ಬಂದಿದ್ದರೂ ಈ ಕ್ರಮದ ಮೂಲಸ್ವರೂಪ ಬದಲಾಗಿಲ್ಲ. ಖಾಸಗಿ ವರ್ತಕನ ನಡೆ ಇದಕ್ಕಿಂತ ತೀರ ಭಿನ್ನವಾದುದು. ಅವನು ಬಲ್ಲವರಲ್ಲಿ ಕೊಳ್ಳುತ್ತಾನೆ, ಚೌಕಾಶಿ ಮಾಡುತ್ತಾನೆ. ಇಂದು ನಾಲ್ಕು ಕಾಸು ಹೆಚ್ಚು ತೆತ್ತರೂ ನಾಳೆಯ ಕಷ್ಟಕಾಲದಲ್ಲಿ ಸರಕು ಕೊಟ್ಟಾನೆಂಬ ಭರವಸೆಯ ಮೇಲೆ ಹಳೆಯ ಮಂಡಿಯನ್ನೇ ಬಿಡದೆ ಹಿಡಿದಿರುತ್ತಾನೆ. ಲೆಕ್ಕ ತಪ್ಪಿದರೆ ನಷ್ಟವೂ ಅವನದೇ. ಆದುದರಿಂದ ಅವನು ಯಾರಿಗೂ ಕಾರಣ ಹೇಳಬೇಕಾಗಿಲ್ಲ.

ಹೀಗಿದ್ದೂ ಖಾಸಗಿ ಕಂಪನಿಗಳ ಖರೀದಿಯಲ್ಲಿ ಟೆಂಡರು, ಠೇವಣಿ, ಷರತ್ತು ಪತ್ರಗಳು ಇಂದು ಬೇರೂರಿವೆ. ಇದು ಸರಕಾರೀ ಕಚೇರಿಗಳ ಕಾಗದದ ಚಾಳಿ ವ್ಯಾಪಾರಕ್ಕೆ ತಗುಲಿದ್ದೆಂದು ಕೆಲವರು ಹೇಳುವುದುಂಟು. ಚರಿತ್ರೆ ಅಷ್ಟು ಸರಳವಾಗಿಲ್ಲ. ಕೊಳ್ಳುವವನ ಕೈಯಲ್ಲಿರುವ ಹಣ ಅವನದಲ್ಲದಿದ್ದಾಗ, ಅವನು ಸರಕಾರದ ಅಧಿಕಾರಿಯಾದರೇನು, ವ್ಯಾಪಾರೀ ಸಂಸ್ಥೆಯ ನಿರ್ದೇಶಕನಾದರೇನು, ಒಂದೇ ಬಗೆಯ ಸಂಶಯ ಹುಟ್ಟುತ್ತದೆ. ಮೊಹರಾದ ಲಕೋಟೆ ಆ ಸಂಶಯದ ಕೂಸು. ಇದಕ್ಕೆ ಅತ್ಯಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಭಾರತವನ್ನಾಳಿದ ಈಸ್ಟ್ ಇಂಡಿಯಾ ಕುಂಪಣಿಯ ಹಡಗುಗಳ ವೃತ್ತಾಂತದಲ್ಲಿ.

ಕುಂಪಣಿಯು ಮೊದಮೊದಲು ಸ್ವಂತ ಹಡಗುಗಳನ್ನು ಕಟ್ಟಿಸುತ್ತಿತ್ತು. ೧೭ನೆಯ ಶತಮಾನದ ನಡುಗಾಲದ ಹೊತ್ತಿಗೆ ಆ ವೆಚ್ಚ ತಾಳದೆ ಬಾಡಿಗೆಯ ಹಡಗುಗಳನ್ನು ಗೊತ್ತುಮಾಡುವ ರೂಢಿ ಬಂದಿತು. ಹಡಗೊಂದರಲ್ಲಿ ಹಲವರು ಪಾಲುದಾರರು. ಅವರ ಪರವಾಗಿ ಕುಂಪಣಿಯೊಡನೆ ವ್ಯವಹರಿಸುವವನು ಒಬ್ಬನು. ಇಂಗ್ಲಿಷರು ಅವನನ್ನು ಹಡಗಿನ ‘ಗಂಡ’ನೆಂದೇ ಕರೆಯುತ್ತಿದ್ದರು, ಎರಡು ಅರ್ಥವೂ ಸಲ್ಲುವ ‘ಯಜಮಾನ’ ಎಂಬ ಕನ್ನಡದ ಮಾತು ಅವನಿಗೆ ಇನ್ನೂ ಚೆನ್ನಾಗಿ ಒಪ್ಪುತ್ತದೆ. ಹಡಗು ನಾಲ್ಕು ಯಾನಗಳನ್ನು, ಮುಂದಿನ ಕಾಲದಲ್ಲಿ ಆರು ಯಾನಗಳನ್ನು, ಮುಗಿಸಿದ ಮೇಲೆ ಸವೆದುಹೋಯಿತೆಂದು ಲೆಕ್ಕ. ಆಗ ಅದರ ಬದಲಿಗೆ ಹೊಸ ಹಡಗನ್ನು ಕಟ್ಟಿಸಿ ಒದಗಿಸುವ ಹಕ್ಕು ಅದೇ ಯಜಮಾನನಿಗೆ ಸೇರಿದ್ದೆಂಬ ಸಂಪ್ರದಾಯ ಬೆಳೆಯಿತು. ಹಳೆಯ ತಳದ ಮೇಲೆ ಹೊಸ ಹಡಗು ಏಳುತ್ತದೆಂಬ ಭಾವನೆಯಿಂದ ಇದಕ್ಕೆ ‘ವಂಶಪಾರಂಪರ್ಯದ ತಳ’ ಎಂಬ ಹೆಸರು ಬಿದ್ದಿತು. ಯಾವ ಒಪ್ಪಂದದಲ್ಲಿಯೂ ಬರೆಯದ ಈ ಹಕ್ಕು ಕನ್ನಡ ನಾಡಿನ ಕುಲಕರ್ಣಿ ವತನಿನಂತೆ ಅಪ್ಪನಿಂದ ಮಗನಿಗೆ ಇಳಿಯುತ್ತಿತ್ತು.

ಹಡಗಿನ ನಾಯಕತ್ವವೂ ಹೀಗೆಯೇ ಸೊತ್ತಾಗಿ ಹೋಯಿತು. ಕಪ್ತಾನನು ತನ್ನ ಹುದ್ದೆಯನ್ನು ಹಣ ಕೊಟ್ಟು ಕೊಳ್ಳುತ್ತಿದ್ದನು, ಬಿಡುವಾಗ ಮಾರುತ್ತಿದ್ದನು. ೧೮ನೆಯ ಶತಮಾನದ ಕೊನೆಯ ಹೊತ್ತಿಗೆ ಒಂದು ನಾಯಕತ್ವದ ಬೆಲೆ ೮,೦೦೦ದಿಂದ ೧೦,೦೦೦ ಪೌಂಡುಗಳವರೆಗೆ ಏರಿತ್ತು. ಇಷ್ಟು ಹಣವನ್ನು ಅವನು ಸಂಬಳದಿಂದ ಹಿಂದಕ್ಕೆ ಪಡೆಯುವುದು ಸಾಧ್ಯವಿರಲಿಲ್ಲ. ಹಡಗಿನಲ್ಲಿ ಸ್ವಂತ ಸರಕು ಒಯ್ಯಲು ಅವನಿಗಿದ್ದ ಸವಲತ್ತು, ಪ್ರಯಾಣಿಕರಿಂದ ವಸೂಲು ಮಾಡುವ ಹಣ, ಇವೇ ಅವನ ನಿಜವಾದ ಸಂಪಾದನೆ. ಅಂದ ಮೇಲೆ ಬಾಡಿಗೆ ಕಡಮೆಯಾಗಬೇಕೆಂಬ ಆಸೆ ಹಡಗಿನ ಮೇಲಿದ್ದ ಯಾರಿಗೂ ಇರಲಿಲ್ಲ.

ಆಗಿನ ಹಡಗಿನ ಪಟ್ಟಿಗಳನ್ನು ನೋಡುವವರಿಗೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಹಡಗಿನ ಹಿಂದೆ ಹಡಗು ೪೯೯ ಟನ್ನಿನದೆಂದು ಬರೆದಿದೆ. ೫೦೦ ಟನ್ ಮತ್ತು ಅದಕ್ಕೂ ಮಿಗಿಲಾದ ಹಡಗಿನಲ್ಲಿ ಒಬ್ಬ ಪಾದ್ರಿಯನ್ನು ಕರೆದೊಯ್ಯಬೇಕೆಂದು ಕುಂಪಣಿಯ ಸನ್ನದಿನಲ್ಲಿ ವಿಧಿಯಿತ್ತು. ಪಾದ್ರಿಯ ಸಂಬಳ ಉಳಿಸಲು ಎಷ್ಟೇ ದೊಡ್ಡ ಹಡಗನ್ನೂ ಕಾಗದದ ಮೇಲೆ ಒಂದು ಟನ್ ಕಿರಿದು ಮಾಡಲಾಗುತ್ತಿತ್ತು. ನಿಯಮವನ್ನು ಮುರಿಯದೆ ಅದರಿಂದ ತಪ್ಪಿಸಿಕೊಳ್ಳುವ ಜಾಣ್ಮೆಗೆ ಇದೊಂದು ಹಳೆಯ ನಿದರ್ಶನ. ಇಂದಿಗೂ ಟೆಂಡರಿನ ಮಿತಿಯಿಂದ ಪಾರಾಗಲು ಒಂದೇ ಖರೀದಿಯನ್ನು ನಾಲ್ಕು ತುಂಡು ಮಾಡುವವರು ಈ ವಂಶದವರೇ.

ಇದೆಲ್ಲ ನಡೆಯುತ್ತಿದ್ದುದು ಯಾವ ಸಂಸ್ಥೆಯಲ್ಲಿ ಎಂಬುದನ್ನು ಗಮನಿಸಬೇಕು. ಚೀನಾದಿಂದ ಬಂದ ಚಹವನ್ನು ಕುಂಪಣಿಯು ಲಂಡನ್ನಿನ ತನ್ನ ಭವನದಲ್ಲಿ ಬಹಿರಂಗ ಹರಾಜಿನಲ್ಲಿ ಮಾರುತ್ತಿತ್ತು. ಹಣವುಳ್ಳ ಯಾರು ಬೇಕಾದರೂ ಬಂದು ಕೂಗಬಹುದಾಗಿತ್ತು. ಮಾರುವಾಗ ತೆರೆದಿದ್ದ ಬಾಗಿಲು ಹಡಗು ಗೊತ್ತುಮಾಡುವಾಗ ಮುಚ್ಚಿರುತ್ತಿತ್ತು. ಕಾರಣ ಗುಟ್ಟಿನದಲ್ಲ. ಹಡಗಿನ ಯಜಮಾನರು ಕುಂಪಣಿಯ ಷೇರುಗಳನ್ನು ಕೊಂಡು ಷೇರುದಾರರ ಸಭೆಯಲ್ಲಿ ಕೂಡುತ್ತಿದ್ದರು. ಅವರ ಮತದಿಂದ ನಿರ್ದೇಶಕರು ಆರಿಸಿ ಬರುತ್ತಿದ್ದರು. ಆ ನಿರ್ದೇಶಕರು ಅವರ ಹಡಗುಗಳಿಗೆ ಬಾಡಿಗೆ ನಿಗದಿ ಮಾಡುತ್ತಿದ್ದರು. ಯಜಮಾನರು ತಮ್ಮಲ್ಲಿ ಒಗ್ಗಟ್ಟಾಗಿ ದರ ಹೇಳುತ್ತಿದ್ದುದರಿಂದ ಪೈಪೋಟಿಯ ಮಾತೇ ಇರಲಿಲ್ಲ. ಲಾಭ ಕಡಮೆಯಾದರೆ ನಷ್ಟ ಹೊರುವವರು ಹಡಗಿನಲ್ಲಿ ಪಾಲಿಲ್ಲದ ಸಾಮಾನ್ಯ ಷೇರುದಾರರು.

ಸರಕಾರದ ಖರೀದಿ ಆ ಕಾಲದಲ್ಲಿ ಶುದ್ಧವಾಗಿತ್ತೆಂದು ಭಾವಿಸಲಾಗದು. ಬ್ರಿಟಿಷ್ ನೌಕಾದಳಕ್ಕೆ ಆಹಾರ ಒದಗಿಸುವ ಮಂಡಳಿಯು ಪತ್ರಿಕೆಗಳಲ್ಲಿ ಜಾಹೀರು ಕೊಟ್ಟು ಟೆಂಡರು ಕರೆಯುತ್ತಿತ್ತು, ನಿಜ. ಆದರೆ ಖಜಾನೆಯು ಭೂಸೈನ್ಯಕ್ಕಾಗಿ ಮಾಡುತ್ತಿದ್ದ ಗುತ್ತಿಗೆಗಳು ಖಾಸಗಿ ಮಾತುಕತೆಯಲ್ಲಿ ಕುದುರುತ್ತಿದ್ದವು. ಅವುಗಳನ್ನು ಪಡೆದವರಲ್ಲಿ ಪಾರ್ಲಿಮೆಂಟಿನ ಸದಸ್ಯರೂ ಇದ್ದರು. ಅಮೆರಿಕದ ಯುದ್ಧದಲ್ಲಿ ಸೋಲು ಬಂದ ಮೇಲೆ ಜನರ ಕಣ್ಣು ಈ ಕಡೆಗೆ ತಿರುಗಿತು. ಸರಕಾರದ ಗುತ್ತಿಗೆದಾರರು ಕಾಮನ್ಸ್ ಸಭೆಯಲ್ಲಿ ಕೂಡಬಾರದೆಂದು ೧೭೮೨ರಲ್ಲಿ ಕಾಯಿದೆಯಾಯಿತು. ಕೊಡುವವನೂ ಕೊಳ್ಳುವವನೂ ಒಂದೇ ಪೀಠದಲ್ಲಿ ಕೂಡಬಾರದೆಂಬ ಈ ತತ್ತ್ವ ಕುಂಪಣಿಯ ಬಾಗಿಲಿಗೆ ಬರಲು ಮತ್ತೆ ಹದಿನೇಳು ವರ್ಷ ಹಿಡಿಯಿತು.

ಹಿಂದಿನಿಂದ ತಳ್ಳಿದವರಲ್ಲಿ ಇಬ್ಬರು ಮುಖ್ಯರು. ಒಬ್ಬನು ಕುಂಪಣಿಯ ಮೇಲ್ವಿಚಾರಣಾ ಮಂಡಳಿಯ ಅಧ್ಯಕ್ಷನಾಗಿದ್ದ ಹೆನ್ರಿ ಡಂಡಾಸ್. ಇನ್ನೊಬ್ಬನು ಡೇವಿಡ್ ಸ್ಕಾಟ್. ಸ್ಕಾಟ್ ೧೭೬೩ರಲ್ಲಿ ಮುಂಬಯಿಗೆ ಬಂದು ಎರಡು ದಶಕಗಳಿಗೂ ಹೆಚ್ಚು ಕಾಲ ಇಲ್ಲಿ ವ್ಯಾಪಾರ ಮಾಡಿ, ೧೭೮೬ರಲ್ಲಿ ಇಂಗ್ಲೆಂಡಿಗೆ ಮರಳಿ, ಎರಡು ವರ್ಷಗಳಲ್ಲಿ ಕುಂಪಣಿಯ ನಿರ್ದೇಶಕನಾದವನು. ಅವನನ್ನು ನಿಃಸ್ವಾರ್ಥ ಸುಧಾರಕನೆಂದು ಕೊಂಡಾಡಬೇಕಾಗಿಲ್ಲ. ಭಾರತದ ಖಾಸಗಿ ವರ್ತಕರ ಸರಕು ಅಗ್ಗದ ಬಾಡಿಗೆಗೆ ಲಂಡನ್ನಿಗೆ ಹೋಗಬೇಕೆಂಬುದು ಅವನ ಪಕ್ಷ. ಅದರಿಂದ ಅವನ ಬಂಧುಮಿತ್ರರ ಕೋಠಿಗಳಿಗೂ ಲಾಭವಿತ್ತು. ಹಡಗಿನ ಪಕ್ಷದವರು ಅವನ ಮೇಲೆ ಇದೇ ಆರೋಪ ಹೊರಿಸಿ ಕಾಡಿದರು. ಒಂದು ಸ್ವಾರ್ಥವನ್ನು ಮುರಿಯಲು ಇನ್ನೊಂದು ಸ್ವಾರ್ಥವೇ ಬೇಕಾಯಿತೆಂಬುದು ಆ ಕಾಲದ ಕಾಗದಪತ್ರಗಳಿಂದ ತಿಳಿದುಬರುತ್ತದೆ.

೧೭೯೬ರಲ್ಲಿ ಕುಂಪಣಿಯು ನಾಯಕತ್ವಗಳ ಮಾರಾಟವನ್ನು ನಿಲ್ಲಿಸಲು ಒಪ್ಪಿತು. ಹಣ ತೆತ್ತು ಹುದ್ದೆ ಕೊಂಡಿದ್ದ ಕಪ್ತಾನರಿಗೆ ಪರಿಹಾರ ಕೊಡಬೇಕಾಯಿತು. ಬರೆಯದ ಹಕ್ಕನ್ನು ಕೀಳಲು ಬರೆದ ಹಕ್ಕಿಗೆ ಕೊಡುವಷ್ಟೇ ಬೆಲೆ ಕೊಡಬೇಕಾದ ಸಂದರ್ಭವಿದು. ೧೭೯೯ರಲ್ಲಿ ಪಾರ್ಲಿಮೆಂಟು ಕಾಯಿದೆಯನ್ನೇ ಮಾಡಿ, ಕುಂಪಣಿಗೆ ಬೇಕಾದ ಹಡಗುಗಳ ವಿವರವನ್ನು ಬಹಿರಂಗವಾಗಿ ಪ್ರಕಟಿಸಿ, ಮೊಹರಾದ ಟೆಂಡರುಗಳನ್ನು ಪಡೆದು, ಪಕ್ಷಪಾತವಿಲ್ಲದೆ ಕಡಮೆ ದರವನ್ನು ಆರಿಸಬೇಕೆಂದು ವಿಧಿಸಿತು. ಹಡಗಿನ ಪೂರ್ತಿ ಆಯುಷ್ಯಕ್ಕೆ ಶಾಂತಿಕಾಲದ ಬಾಡಿಗೆಯನ್ನು ಮೊದಲೇ ಗೊತ್ತುಮಾಡಿ, ಯುದ್ಧದಿಂದ ಏರುವ ವಿಮೆ, ಸಂಬಳ, ದಾಸ್ತಾನುಗಳ ವೆಚ್ಚಕ್ಕೆ ಬೇರೆ ಲೆಕ್ಕ ಇಡುವ ಏರ್ಪಾಟಾಯಿತು. ಇಂದಿನ ಗುತ್ತಿಗೆ ಪತ್ರಗಳಲ್ಲಿ ಕಾಣುವ ಬೆಲೆ ಏರಿಳಿತದ ಕಲಮಿಗೆ ಇದನ್ನು ಪೂರ್ವಜವೆನ್ನಬಹುದು.

ಫಲವೇನಾಯಿತು? ತಳದ ಹಕ್ಕು ಅಳಿಯಿತು. ಆದರೆ ಹಳೆಯ ಯಜಮಾನರು ಅಳಿಯಲಿಲ್ಲ. ಚೀನಾ ವ್ಯಾಪಾರಕ್ಕೆ ಬೇಕಾದ ೧,೨೦೦ ಟನ್ನಿನ ಹಡಗನ್ನು ಕಟ್ಟಿಸುವಷ್ಟು ಬಂಡವಾಳವೂ ಹಡಗುಕಟ್ಟೆಗಳ ಪರಿಚಯವೂ ಕೆಲವರಿಗೆ ಮಾತ್ರ ಇದ್ದುವು. ಬೇಡಿಕೆಯ ವಿವರವೇ ಕಿರಿದಾದ ಬಾಗಿಲಾದಾಗ ಲಕೋಟೆಯನ್ನು ಎಷ್ಟು ಬಿಗಿಯಾಗಿ ಮೊಹರು ಮಾಡಿದರೂ ಒಳಗೆ ಬರುವವರು ಅವರೇ. ಈ ವಿಷಯ ಟೆಂಡರಿನ ಚರ್ಚೆಗಳಲ್ಲಿ ಸಾಕಷ್ಟು ಮೇಲೆ ಬರುವುದಿಲ್ಲ. ದರ ಒಡೆಯುವ ಗಳಿಗೆಯ ಮೇಲೆ ಎಲ್ಲರ ಕಣ್ಣು. ಹೊರಗುಳಿಯುವವರು ಯಾರೆಂಬುದು ವಿವರ ಬರೆಯುವ ಮೇಜಿನ ಮೇಲೆ ಮೊದಲೇ ತೀರ್ಮಾನವಾಗಿರುತ್ತದೆ. ೧೮೩೩ರಲ್ಲಿ ಕುಂಪಣಿಯ ಚೀನಾ ಏಕಸ್ವಾಮ್ಯವೂ ರದ್ದಾಗಿ ಅದರ ನೌಕಾ ವ್ಯವಹಾರ ಮುಗಿಯುವವರೆಗೆ ಈ ಪದ್ಧತಿ ನಡೆಯಿತು.

ಎರಡನೆಯ ನಿದರ್ಶನ ಮುಂಬಯಿ-ಪುಣೆಯ ದಾರಿಯಲ್ಲಿಯೇ ಇದೆ. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಲಂಡನ್ನಿನಲ್ಲಿ ೧೮೪೯ರಲ್ಲಿ ಸ್ಥಾಪಿತವಾದ ಖಾಸಗಿ ಕಂಪನಿ. ಅದರ ಬಂಡವಾಳಕ್ಕೆ ನೂರಕ್ಕೆ ಐದರ ಬಡ್ಡಿಯನ್ನು ಭಾರತದ ಕಂದಾಯದಿಂದ ತುಂಬಿಕೊಡುವುದಾಗಿ ಈಸ್ಟ್ ಇಂಡಿಯಾ ಕುಂಪಣಿ ಖಾತರಿ ಕೊಟ್ಟಿತು. ಖಾತರಿ ಕೊಟ್ಟ ಮೇಲೆ ಮೇಲ್ವಿಚಾರಣೆ ಬೇಡವೇ? ಕಂಪನಿಯ ನಕ್ಷೆ, ಅಂದಾಜು, ಗುತ್ತಿಗೆ, ಎಲ್ಲಕ್ಕೂ ಸರಕಾರದ ಸಲಹಾ ಎಂಜಿನಿಯರನ ಸಮ್ಮತಿ ಬೇಕೆಂದಾಯಿತು. ಖಾಸಗಿ ಖರೀದಿಗೆ ಸರಕಾರೀ ಅಂಗಿ ತೊಡಿಸಿದ ಹಾಗಾಯಿತು.

ಅಂಗಿ ತೊಡಿಸಿದರೂ ಮೈ ಬೇರೆಯೇ ಆಗಿತ್ತು. ಸರಕಾರವು ಸಹಿ ಹಾಕುತ್ತಿತ್ತು, ಆದರೆ ಕೆಲಸ ಅದರದಲ್ಲ. ಕಂಪನಿ ಕೆಲಸ ಮಾಡಿಸುತ್ತಿತ್ತು, ಆದರೆ ಬಡ್ಡಿಯ ಚಿಂತೆ ಅದಕ್ಕಿಲ್ಲ. ಭಾರತದ ಹಣಕಾಸು ಸದಸ್ಯನಾಗಿದ್ದ ವಿಲಿಯಂ ಮ್ಯಾಸಿ ೧೮೭೨ರಲ್ಲಿ ಪಾರ್ಲಿಮೆಂಟಿನ ಸಮಿತಿಯ ಮುಂದೆ ಸಾಕ್ಷ್ಯ ನುಡಿಯುತ್ತ, ಐದರ ಬಡ್ಡಿ ಖಾತರಿಯಾದ ಇಂಗ್ಲಿಷ್ ಬಂಡವಾಳಗಾರನಿಗೆ ತನ್ನ ಹಣ ಹೂಗ್ಲಿ ನದಿಯ ಪಾಲಾದರೂ ಇಟ್ಟಿಗೆ ಗಾರೆಯಾದರೂ ಒಂದೇ ಎಂಬರ್ಥದ ಮಾತನ್ನಾಡಿದನು. ಹಣಕಾಸಿನ ಅಧಿಕಾರಿಗಳ ಬಾಯಲ್ಲಿ ಇಷ್ಟು ಬಿಚ್ಚುಮಾತು ಅಪರೂಪ.

ಭೋರ್ ಘಟ್ಟದ ಕೆಲಸ ಇದರ ಒಳಗುಟ್ಟನ್ನು ತೋರಿಸುತ್ತದೆ. ಸುಮಾರು ಹದಿನಾರು ಮೈಲಿಗಳಲ್ಲಿ ೧,೮೩೧ ಅಡಿ ಏರುವ ಈ ದಾರಿಗೆ ೨೫ ಸುರಂಗಗಳು ಬೇಕಾದುವು. ಬೋರಿಬಂದರ-ಠಾಣೆ ದಾರಿಯನ್ನು ಕಟ್ಟಿದವರಲ್ಲಿ ಒಬ್ಬನಾದ ಫೇವಿಯಲ್ ಎಂಬ ಗುತ್ತಿಗೆದಾರನು ಇದನ್ನು ವಹಿಸಿಕೊಂಡು ೧೮೫೬ರಲ್ಲಿ ಕೆಲಸ ಹೂಡಿದನು. ಅವನ ಕೆಳಗೆ ಒಳಗುತ್ತಿಗೆದಾರರು, ಅವರ ಕೆಳಗೆ ಮೇಸ್ತ್ರಿಗಳು, ಅವರ ಕೆಳಗೆ ಸಾವಿರಾರು ಕೂಲಿಗಳು. ಷರತ್ತು ಪತ್ರದಲ್ಲಿ ಕಲ್ಲು, ಗಾರೆ, ಗಡುವುಗಳ ಮಾತಿತ್ತು. ಕೂಲಿಯ ಮಾತನ್ನು ಗುತ್ತಿಗೆದಾರನಿಗೆ ಬಿಡಲಾಗಿತ್ತು. ೧೮೫೯ರ ಜನವರಿಯಲ್ಲಿ, ಸಲ್ಲಬೇಕಾದ ಕೂಲಿ ಸಲ್ಲದೆ ಕೆರಳಿದ ಕೆಲಸಗಾರರು ದಂಗೆಯೆದ್ದರು. ಮಾರ್ಚಿನಲ್ಲಿ ಫೇವಿಯಲ್ ಗುತ್ತಿಗೆಯನ್ನು ಬಿಟ್ಟುಕೊಟ್ಟನು. ಮರುವರ್ಷ ಸರಕಾರ ಕೂಲಿಯ ತಕರಾರುಗಳನ್ನು ತೀರಿಸುವುದಕ್ಕಾಗಿ ಒಂದು ಕಾಯಿದೆಯನ್ನೇ ಮಾಡಬೇಕಾಯಿತು. ಸಲಹಾ ಎಂಜಿನಿಯರನ ಸಹಿ ಬಿದ್ದ ಕಾಗದಗಳಲ್ಲಿ ಎಲ್ಲಿಯೂ ಹೆಸರಿಲ್ಲದ ಜನ ಆ ಕಾಗದಗಳನ್ನೆಲ್ಲ ನಿಲ್ಲಿಸಿದರೆಂದು ಹೇಳಬಹುದು.

ಆಮೇಲೆ ಸಾಲೊಮನ್ ಟ್ರೆಡ್‌ವೆಲ್ ಎಂಬವನು ಇಂಗ್ಲೆಂಡಿನಿಂದ ಬಂದು ಕೆಲಸ ವಹಿಸಿಕೊಂಡನು. ೧೮೫೯ರಲ್ಲಿಯೇ, ಬಂದ ಸ್ವಲ್ಪ ಕಾಲದಲ್ಲಿ, ರೋಗಕ್ಕೆ ತುತ್ತಾದನು. ಅವನ ಪತ್ನಿ ಆಲಿಸ್ ಟ್ರೆಡ್‌ವೆಲ್ ಗುತ್ತಿಗೆಯನ್ನು ಕೈಬಿಡದೆ, ಆಡಮ್‌ಸನ್ ಮತ್ತು ಕ್ಲೌಸರ್ ಎಂಬ ಇಬ್ಬರು ಎಂಜಿನಿಯರರನ್ನು ನೇಮಿಸಿ ಪೂರ್ತಿಗೊಳಿಸಿದಳು. ೧೮೬೩ರ ಏಪ್ರಿಲ್ ೨೧ರಂದು ಗವರ್ನರ್ ಸರ್ ಬಾರ್ಟಲ್ ಫ್ರಿಯರ್ ದಾರಿಯನ್ನು ಉದ್ಘಾಟಿಸಿದನು. ನಾಲ್ಕೇ ವರ್ಷಕ್ಕೆ, ೧೮೬೭ರ ಮಳೆಗಾಲದಲ್ಲಿ, ಘಟ್ಟದ ದೊಡ್ಡ ಸೇತುವೆಯೊಂದು ಕುಸಿದು ಬಿದ್ದಿತು. ಕಂಪನಿಯ ಎಂಜಿನಿಯರು ನೋಡಿದ್ದ, ಸರಕಾರದ ಎಂಜಿನಿಯರು ಒಪ್ಪಿದ್ದ ಸೇತುವೆ ಅದು. ಇಬ್ಬರು ಕಾವಲಿದ್ದಲ್ಲಿ ಒಬ್ಬನು ಇನ್ನೊಬ್ಬನನ್ನು ನಂಬಿ ನಿದ್ರೆ ಹೋಗುವುದು ಹೊಸದೇನಲ್ಲ. ೧೮೬೯ರ ವೇಳೆಗೆ ಸರಕಾರವು ಖಾತರಿ ಪದ್ಧತಿಯಿಂದ ಬೇಸತ್ತು, ರೈಲುದಾರಿಗಳನ್ನು ತಾನೇ ಕಟ್ಟಿಸುವ ನಿರ್ಧಾರಕ್ಕೆ ಬಂದಿತು.

ಈ ಎರಡು ಕಥೆಗಳನ್ನು ಜೊತೆಗಿಟ್ಟು ನೋಡಿದರೆ ಒಂದು ಭೇದ ಎದ್ದು ಕಾಣುತ್ತದೆ. ಕುಂಪಣಿಯ ಹಡಗಿನ ವಿಷಯದಲ್ಲಿ ಸರಕಾರೀ ಕ್ರಮವನ್ನು ಬೇಡಿದವರಲ್ಲಿ ನಷ್ಟ ಹೊರುವ ಷೇರುದಾರರೂ ಇದ್ದರು. ರೈಲ್ವೆಯ ವಿಷಯದಲ್ಲಿ ನಷ್ಟ ಹೊರುವವರು ಭಾರತದ ರೈತರು. ಅವರಿಗೆ ಯಾವ ಸಭೆಯಲ್ಲಿಯೂ ಮತವಿರಲಿಲ್ಲ. ಕ್ರಮ ಒಂದೇ ಆದರೂ ಅದರ ಹಿಂದೆ ಕೇಳುವವನಿಲ್ಲದಿದ್ದರೆ ಅದು ಬರಿಯ ಸಹಿಗಳ ಸಾಲಾಗುತ್ತದೆ.

ಮೂರನೆಯ ನಿದರ್ಶನ ಕನ್ನಡ ಕರಾವಳಿಯದು. ೧೯೦೬ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕು, ಅದೇ ವರ್ಷ ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಶನ್ ಬ್ಯಾಂಕು, ೧೯೨೫ರ ಸಿಂಡಿಕೇಟ್ ಬ್ಯಾಂಕು, ೧೯೩೧ರ ವಿಜಯಾ ಬ್ಯಾಂಕು, ಇವೆಲ್ಲ ಖಾಸಗಿ ಸಂಸ್ಥೆಗಳಾಗಿದ್ದುವು. ೧೯೬೯ರ ಜುಲೈ ೧೯ರಂದು ರಾಷ್ಟ್ರೀಕೃತವಾದ ೧೪ ಬ್ಯಾಂಕುಗಳಲ್ಲಿ ಕೆನರಾ, ಸಿಂಡಿಕೇಟ್ ಬ್ಯಾಂಕುಗಳು ಸೇರಿದ್ದುವು. ೧೯೮೦ರ ಏಪ್ರಿಲ್ ೧೫ರ ಆರರಲ್ಲಿ ಕಾರ್ಪೊರೇಶನ್, ವಿಜಯಾ ಬ್ಯಾಂಕುಗಳು. ಆವರೆಗೆ ಆಡಳಿತ ಮಂಡಳಿಯ ವಿವೇಚನೆಗೆ ಬಿಟ್ಟಿದ್ದ ಕಟ್ಟಡದ ಬಾಡಿಗೆ, ತಿಜೋರಿ, ಪೀಠೋಪಕರಣ, ಮುದ್ರಣದ ಕೆಲಸ, ಎಲ್ಲವೂ ಸಂವಿಧಾನದ ದೃಷ್ಟಿಯಲ್ಲಿ ‘ರಾಜ್ಯ’ದ ಖರೀದಿಗಳಾದುವು. ೧೯೬೪ರಲ್ಲಿ ಸ್ಥಾಪಿತವಾದ ಕೇಂದ್ರ ಜಾಗೃತಿ ಆಯೋಗದ ಕಣ್ಣು ಅವುಗಳ ಮೇಲೆ ಬಿದ್ದಿತು. ಟೆಂಡರು ಒಡೆದ ಮೇಲೆ ಅತಿ ಕಡಮೆ ದರದವನನ್ನು ಬಿಟ್ಟು ಬೇರಾರೊಡನೆಯೂ ಚೌಕಾಶಿ ಮಾಡಕೂಡದೆಂದು ಆಯೋಗ ೧೯೯೮ರ ನವೆಂಬರಿನಲ್ಲಿ ಸೂಚಿಸಿತು. ೨೦೦೭ರಲ್ಲಿ, ವಿಶೇಷ ಸಂದರ್ಭಗಳ ಹೊರತು ಅವನೊಡನೆಯೂ ಕೂಡದೆಂದಿತು. ವರ್ತಕನ ಮಗನಿಗೆ ಚೌಕಾಶಿ ಜಾಣತನ. ಆಯೋಗಕ್ಕೆ ಅದು ಸಂಶಯದ ಬೀಜ. ಎರಡೂ ತಮ್ಮ ತಮ್ಮ ನೆಲೆಯಲ್ಲಿ ಸರಿಯೇ.

ಖಾಸಗಿ ಸಂಸ್ಥೆಗಳು ತಾವಾಗಿ ಸರಕಾರದಿಂದ ಪಡೆದುಕೊಂಡುದರಲ್ಲಿ ಠೇವಣಿ ಮುಖ್ಯವಾದುದು. ವ್ಯಾಪಾರ ಕುದುರಿಸಲು ಮುಂಗಡವಾಗಿ ಕೊಡುವ ಹಣಕ್ಕೆ ಕನ್ನಡದಲ್ಲಿ ‘ಸಂಚಕಾರ’ವೆಂಬ ಹಳೆಯ ಹೆಸರುಂಟು. ಈಗ ಆ ಮಾತು ‘ಪ್ರಾಣಕ್ಕೆ ಸಂಚಕಾರ’ ಎಂಬಲ್ಲಿ ಮಾತ್ರ ಉಳಿದಿದೆ. ಮುಂಗಡ ಕೊಟ್ಟು ಕಳೆದುಕೊಂಡವರು ಎಷ್ಟು ಮಂದಿಯೋ! ಠೇವಣಿ ಇಟ್ಟವನು ತಪ್ಪಿದರೆ ಅದೆಲ್ಲವೂ ಇಟ್ಟುಕೊಂಡವನಿಗೇ ಸೇರಿತೆಂದು ಸರಕಾರವೂ ಕಂಪನಿಗಳೂ ಸಮನಾಗಿ ನಂಬಿದ್ದುವು. ೧೯೬೯ರ ಮೌಲಾ ಬಕ್ಷ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಈ ನಂಬಿಕೆಗೆ ಮಿತಿ ಹಾಕಿತು. ೧೯೪೭ರಲ್ಲಿ ಸೈನ್ಯಕ್ಕೆ ಆಲೂಗಡ್ಡೆ, ಕೋಳಿ, ಮೊಟ್ಟೆ, ಮೀನುಗಳನ್ನು ಒದಗಿಸಲು ಒಪ್ಪಿದ್ದ ಗುತ್ತಿಗೆದಾರನು ೧೦,೦೦೦ ಮತ್ತು ೮,೫೦೦ ರೂಪಾಯಿಗಳ ಭದ್ರತಾ ಠೇವಣಿಗಳನ್ನಿಟ್ಟಿದ್ದನು. ಅವನು ತಪ್ಪಿದ್ದು ನಿಜ. ಆದರೆ ಪೇಟೆಯಲ್ಲಿ ಕೊಂಡು ಲೆಕ್ಕ ಹಾಕಬಹುದಾದ ಸರಕಿಗೆ ಎಷ್ಟು ನಷ್ಟವಾಯಿತೆಂದು ಸರಕಾರ ತೋರಿಸಲಿಲ್ಲ. ೧೮೭೨ರ ಕರಾರು ಕಾಯಿದೆಯ ೭೪ನೆಯ ಕಲಮಿನಂತೆ, ತೋರಿಸದ ನಷ್ಟಕ್ಕಾಗಿ ಅಂಥ ಠೇವಣಿಯನ್ನು ನುಂಗಲು ಬಾರದೆಂದು ತೀರ್ಪಾಯಿತು. ಆ ಕಲಮು ಸರಕಾರಕ್ಕೂ ಖಾಸಗಿಯವನಿಗೂ ಒಂದೇ.

ಒಂದಲ್ಲದ್ದು ಬೇರೊಂದಿದೆ. ಮುಂಬಯಿ ವಿಮಾನ ನಿಲ್ದಾಣದಲ್ಲಿ ಉಪಾಹಾರ ಗೃಹ ನಡೆಸಲು ೧೯೭೭ರಲ್ಲಿ ಪ್ರಾಧಿಕಾರವು ಟೆಂಡರು ಕರೆದು, ಐದು ವರ್ಷ ಅನುಭವವುಳ್ಳ, ಎರಡನೆಯ ದರ್ಜೆಯ ನೋಂದಾಯಿತ ಹೋಟೆಲಿನವರೇ ಆಗಬೇಕೆಂದು ಷರತ್ತು ಹಾಕಿತು. ಆಮೇಲೆ ಆ ಷರತ್ತಿಗೆ ಹೊಂದದವನಿಗೆ ಕೆಲಸ ಕೊಟ್ಟಿತು. ರಮಣ ದಯಾರಾಮ ಶೆಟ್ಟಿ ಎಂಬವರು ನ್ಯಾಯಾಲಯಕ್ಕೆ ಹೋದರು. ಅವರು ಟೆಂಡರನ್ನೇ ಕೊಟ್ಟಿರಲಿಲ್ಲ. ಷರತ್ತು ಸಡಿಲವಾಗುವುದೆಂದು ತಿಳಿದಿದ್ದರೆ ತಾವೂ ಕೊಡುತ್ತಿದ್ದೆವೆಂಬುದು ಅವರ ವಾದ. ತಾನೇ ಹಾಕಿದ ಷರತ್ತಿಗೆ ಪ್ರಾಧಿಕಾರವು ಬದ್ಧವೆಂದು ೧೯೭೯ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಮೊಕದ್ದಮೆ ತಡವಾಗಿ ಹೂಡಿದ್ದರಿಂದ ಅವರಿಗೆ ಪರಿಹಾರ ಮಾತ್ರ ಸಿಗಲಿಲ್ಲ. ಸರಕಾರದ ಕರ್ತವ್ಯ ಟೆಂಡರು ಕೊಟ್ಟವನನ್ನೂ ದಾಟಿ, ಬಾಗಿಲ ಹೊರಗೆ ನಿಂತವನವರೆಗೆ ಚಾಚುತ್ತದೆ. ಖಾಸಗಿ ಕಂಪನಿಗೆ ಹೊರಗೆ ನಿಂತವನ ಋಣವಿಲ್ಲ. ಖಾಸಗಿ ಸಂಸ್ಥೆಗಳು ಲಕೋಟೆಯನ್ನು ತಂದುಕೊಂಡುವು. ಈ ಋಣವನ್ನು ತರಲಿಲ್ಲ. ತರಬೇಕೆಂದು ಹೇಳುವುದೂ ಕಷ್ಟ. ಅದನ್ನು ತಂದರೆ ಹಳೆಯ ಮಂಡಿಯ ನಂಬಿಕೆಗೆ, ಸರಕಿನ ಗುಣ ಕಂಡು ನಾಲ್ಕು ಕಾಸು ಹೆಚ್ಚು ಕೊಡುವ ಸ್ವಾತಂತ್ರ್ಯಕ್ಕೆ ಎಡೆಯಿರುವುದಿಲ್ಲ. ಆದರೆ ಹೆಚ್ಚು ದರದವನನ್ನು ಆರಿಸಿದುದಕ್ಕೆ ಕಾರಣವನ್ನು ಅಂದೇ ಬರೆದಿಡುವ ಸರಕಾರೀ ರೂಢಿಯನ್ನು ತರಲು ಅಡ್ಡಿಯಿರಲಿಲ್ಲ. ಬೇರೆಯವರ ಹಣದಲ್ಲಿ ಕೊಳ್ಳುವವನಿಗೆ ಕಡಮೆ ದರಕ್ಕಿಂತ ಈ ಒಂದು ಸಾಲಿನ ಟಿಪ್ಪಣಿಯೇ ಹೆಚ್ಚಿನ ಕಾವಲು.

ವ್ಯಾಪಾರ ನಡೆಸುವ ಖಾಸಗಿ ಬ್ಯಾಂಕು ‘ರಾಜ್ಯ’ವಲ್ಲವೆಂದು ಫೆಡರಲ್ ಬ್ಯಾಂಕಿನ ಮೊಕದ್ದಮೆಯಲ್ಲಿ ೨೦೦೩ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. ಕರಾವಳಿಯ ಬ್ಯಾಂಕುಗಳಲ್ಲಿ ವಿಜಯಾ ಬ್ಯಾಂಕು ೨೦೧೯ರಲ್ಲಿ ಬ್ಯಾಂಕ್ ಆಫ್ ಬರೋಡದಲ್ಲಿಯೂ, ೨೦೨೦ರಲ್ಲಿ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ, ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ಲೀನವಾದುವು. ೧೯೨೪ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕರ್ನಾಟಕ ಬ್ಯಾಂಕು ರಾಷ್ಟ್ರೀಕರಣಕ್ಕೆ ಒಳಗಾಗದೆ ಖಾಸಗಿಯಾಗಿಯೇ ಉಳಿಯಿತು. ಒಂದೇ ಊರಿನಲ್ಲಿ ಮೊದಲಾದ ಇಂಥ ಎರಡು ಬ್ಯಾಂಕುಗಳು ಒಂದೇ ಬಗೆಯ ತಿಜೋರಿಗೆ ಟೆಂಡರು ಕರೆದರೆ, ಸರಕಾರೀ ಬ್ಯಾಂಕಿನ ಅನ್ಯಾಯದ ಮೇಲೆ ತಿಜೋರಿ ಮಾರುವವನು ಹೈಕೋರ್ಟಿನ ಬಾಗಿಲು ಬಡಿಯಬಹುದು. ಖಾಸಗಿ ಬ್ಯಾಂಕಿನಲ್ಲಾದರೆ ಕೇಳುವ ಹಕ್ಕುಳ್ಳವನು ಅದರ ಷೇರುದಾರ, ಕೇಳುವ ಸ್ಥಳ ವಾರ್ಷಿಕ ಸಭೆ.